ಎಂಟು ಗಂಟೆಯ ಮಾತ್ರೆ

ನಮ್ಮ ಟೈಪಿಂಗ್ ಮೇಷ್ಟ್ರ ಬೆರಳುಗಳು ಸದಾ ನಡುಗುತ್ತಿದ್ದವು. ಕಾಫಿ ಲೋಟ ಹಿಡಿದರೆ ಕಾಫಿಯ ಮೇಲೆ ಸಣ್ಣ ಅಲೆಗಳು ಏಳುತ್ತಿದ್ದವು. ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಎಳೆದ ಗೆರೆ ಡೊಂಕಾಗಿ ಹೋಗುತ್ತಿತ್ತು. ಆದರೆ ಅದೇ ಬೆರಳುಗಳು ಟೈಪ್‌ರೈಟರಿನ ಕೀಗಳ ಮೇಲೆ ಕೂತವೆಂದರೆ ನಡುಕ ಎಲ್ಲಿ ಹೋಗುತ್ತಿತ್ತೋ, ಒಂದು ಪುಟ ಮುಗಿಯುವವರೆಗೆ ಒಂದು ಅಕ್ಷರವೂ ತಪ್ಪುತ್ತಿರಲಿಲ್ಲ. ಪುಟ ತೆಗೆದು ನಮ್ಮ ಕೈಗೆ ಕೊಡುವಾಗ ಹಾಳೆ ಮತ್ತೆ ಪಟಪಟ ಅಲುಗುತ್ತಿತ್ತು.

ಅವರು ಕುಡಿಯುತ್ತಾರೆ ಎಂದು ಕೆಳಗಿನ ಕಾಫಿಪುಡಿ ಅಂಗಡಿಯವರಿಂದ ಹಿಡಿದು ಬೀದಿಯವರೆಲ್ಲ ಅಂದುಕೊಂಡಿದ್ದರು. ಹಾಗೇ ಅಂದುಕೊಳ್ಳಲಿ ಬಿಡು ಎಂದು ಅವರ ತಾಯಿಯೇ ಹೇಳಿದ್ದರಂತೆ. ಕುಡುಕ ಅನ್ನಿಸಿಕೊಂಡರೆ ನಾಲ್ಕು ಜನ ದೂರವಾಗುತ್ತಾರೆ, ನಿಜ ಗೊತ್ತಾದರೆ ನಲವತ್ತು ಜನ ದೂರವಾಗುತ್ತಾರೆ ಎನ್ನುವುದು ಆಕೆಯ ಅಂದಾಜು. ಮೇಷ್ಟ್ರು ಒಪ್ಪಲಿಲ್ಲ. ಒಂದು ತೊಟ್ಟೂ ಕುಡಿಯದೆ ಕುಡುಕ ಅನ್ನಿಸಿಕೊಳ್ಳುವುದು ತಮಗೆ ಬೇಡ ಎಂದರು. ಆಮೇಲೆ ಆದದ್ದನ್ನು ನೋಡಿದರೆ ಆ ತಾಯಿಯ ಅಂದಾಜು ಹೆಚ್ಚುಕಡಿಮೆ ಸರಿಯಾಗಿಯೇ ಇತ್ತು.

ನಾನು ಅವರ ಕ್ಲಾಸಿಗೆ ಸೇರಿದ್ದು ತೊಂಬತ್ತಮೂರರಲ್ಲಿ, ಬಿ.ಕಾಂ. ಮೊದಲ ವರ್ಷದಲ್ಲಿದ್ದಾಗ. ಚಾಮರಾಜಪೇಟೆಯಲ್ಲಿ ಕಾಫಿಪುಡಿ ಅಂಗಡಿಯ ಪಕ್ಕದ ಕಿರಿದಾದ ಮರದ ಮೆಟ್ಟಿಲು ಹತ್ತಿದರೆ ಮೇಲೆ ಉದ್ದನೆಯ ಒಂದು ಕೋಣೆ, ಅದರಲ್ಲಿ ಹದಿನಾಲ್ಕು ಯಂತ್ರಗಳು, ಹಿಂದುಗಡೆ ಮೇಷ್ಟ್ರೂ ಅವರ ತಾಯಿಯೂ ಇದ್ದ ಎರಡು ಕೋಣೆಯ ಮನೆ. ನಾನು ತ್ಯಾಗರಾಜನಗರದಿಂದ ಸೈಕಲ್ ತುಳಿದುಕೊಂಡು ಬೆಳಗಿನ ಏಳರ ಬ್ಯಾಚಿಗೆ ಬರುತ್ತಿದ್ದೆ. ಅಪ್ಪ ಬ್ಯಾಂಕಿನಲ್ಲಿ ಗುಮಾಸ್ತರು. ಡಿಗ್ರಿಯ ಜೊತೆ ಸೀನಿಯರ್ ಟೈಪಿಂಗ್ ಪಾಸಾಗಿದ್ದರೆ ಮಗಳಿಗೆ ಎಲ್ಲಾದರೂ ಒಂದು ಕೆಲಸ ಸಿಗುತ್ತದೆ ಎಂದು ಅವರೇ ಸೇರಿಸಿದ್ದು.

ಮೊದಲ ದಿನ ಮೆಟ್ಟಿಲು ಹತ್ತುವಾಗ ಮೇಲಿನಿಂದ ಬಂದ ಸದ್ದಿಗೆ ನಾನು ಅರ್ಧದಲ್ಲೇ ನಿಂತುಬಿಟ್ಟೆ. ಹದಿನಾಲ್ಕು ಯಂತ್ರಗಳ ಖಟಖಟದ ಜೊತೆಗೆ ಡ್ರಮ್ಸ್, ಕೊಯ್ದ ಹಾಗೆ ಕೇಳುವ ಗಿಟಾರ್, ಯಾರೋ ಗಂಟಲು ಹರಿಯುವಂತೆ ಹಾಡುತ್ತಿರುವುದು. ಕಬ್ಬಿಣದ ಬೀರುವಿನ ಮೇಲೆ ರೇಡಿಯೋ, ಟೇಪು ಎರಡೂ ಇದ್ದ ಒಂದು ದೊಡ್ಡ ಟೂ-ಇನ್-ಒನ್ ಇತ್ತು. ಟೈಪಿಂಗ್ ಕಲಿಯುವವರ ಕೈಗೆ ಲಯ ಕೂರಬೇಕು ಎಂದು ಬೇರೆ ಕಡೆ ಮೇಜಿನ ಮೇಲೆ ಸ್ಕೇಲಿನಿಂದ ತಾಳ ಹಾಕುತ್ತಿದ್ದರು. ಇವರು ರಾಕ್ ಸಂಗೀತ ಹಾಕುತ್ತಿದ್ದರು. "ಡ್ರಮ್ಸ್ ಹಿಂದೆ ಹೋಗಿ. ಗಿಟಾರ್ ಹಿಂದೆ ಹೋದ್ರೆ ಕಳೆದ್ಹೋಗ್ತೀರ," ಎನ್ನುತ್ತಿದ್ದರು. ಮೊದಲ ವಾರ ತಲೆನೋವು ಬಂತು. ಮೂರನೇ ವಾರದ ಹೊತ್ತಿಗೆ ನನ್ನ ಕಿರುಬೆರಳು ಕೂಡ ಡ್ರಮ್ಸಿನ ತಾಳಕ್ಕೆ ಸರಿಯಾಗಿ ಬೀಳುತ್ತಿತ್ತು.

ಅವರಿಗೆ ಆಗ ನಲವತ್ತೆರಡೋ ನಲವತ್ತಮೂರೋ ಇರಬೇಕು. ಮದುವೆಯಾಗಿರಲಿಲ್ಲ. ಅರ್ಧ ನರೆತ ಕೂದಲು ಕಾಲರಿನವರೆಗೆ ಇಳಿದಿರುತ್ತಿತ್ತು. ಇಸ್ತ್ರಿ ಮಾಡಿದ ತೆಳು ಬಿಳಿ ಶರ್ಟಿನೊಳಗೆ ಕಪ್ಪು ಟೀ ಶರ್ಟು ಹಾಕುತ್ತಿದ್ದರು. ಅದರ ಮೇಲಿನ ಚಿತ್ರ ಹೊರಗೆ ಮಸುಕಾಗಿ ಕಾಣುತ್ತಿತ್ತು, ಒಂದು ದಿನ ರೆಕ್ಕೆ ಬಿಚ್ಚಿದ ಹದ್ದು, ಒಂದು ದಿನ ತಲೆಬುರುಡೆ. ಕ್ಯಾಸೆಟ್ಟುಗಳನ್ನು ಅವರು ಖರೀದಿಸುತ್ತಿದ್ದುದಕ್ಕಿಂತ ಯಾರ್ಯಾರಿಂದಲೋ ಕೇಳಿ ತಂದು ಖಾಲಿ ಟೇಪಿಗೆ ತುಂಬಿಕೊಳ್ಳುತ್ತಿದ್ದುದೇ ಹೆಚ್ಚು. ಪ್ರತಿಯೊಂದಕ್ಕೂ ಒಂದು ಕಾರ್ಡು. ಅದರಲ್ಲಿ ಹಾಡುಗಳ ಹೆಸರು, ಯಾರು ಏನು ನುಡಿಸಿದ್ದಾರೆ, ಎಲ್ಲವನ್ನೂ ಚೊಕ್ಕವಾಗಿ ಟೈಪ್ ಮಾಡಿರುತ್ತಿದ್ದರು. ಹಾಡಿನ ಒಂದು ಪದ ಕಿವಿಗೆ ಸಿಗದಿದ್ದರೆ ಇಪ್ಪತ್ತು ಸಲ ಹಿಂದೆ ತಿರುಗಿಸಿ ಕೇಳುತ್ತಿದ್ದರು. ಹಾಗೆ ಬರೆದುಕೊಂಡ ಹಾಡುಗಳನ್ನೇ ನಮಗೆ ಸ್ಪೀಡ್ ಪರೀಕ್ಷೆಗೆ ಕೊಡುತ್ತಿದ್ದರು. 'ತಮ್ಮ ಪತ್ರ ತಲುಪಿತು' ಎಂದು ಶುರುವಾಗುವ ವ್ಯವಹಾರ ಪತ್ರಗಳ ನಡುವೆ ಅಂಥದ್ದೊಂದು ಪುಟ ಬಂದರೆ ಕೆಲವರು ನಗುತ್ತಿದ್ದರು. ನನಗೆ ಅರ್ಥವೇ ಆಗುತ್ತಿರಲಿಲ್ಲ. ಬೆರಳುಗಳಿಗೆ ಮಾತ್ರ ಆ ಹಾಡುಗಳು ಬಾಯಿಪಾಠವಾಗಿಬಿಟ್ಟವು.

ಬೆಳಿಗ್ಗೆ ಸರಿಯಾಗಿ ಎಂಟಕ್ಕೆ ಹಿಂದಿನ ಮನೆಯಿಂದ ಅವರ ತಾಯಿ ಒಂದು ಲೋಟ ನೀರು ತಂದು ಮೇಜಿನ ಮೇಲಿಡುತ್ತಿದ್ದರು. ಮೇಷ್ಟ್ರು ಜೇಬಿನಿಂದ ಮಾತ್ರೆ ತೆಗೆದು ನಮ್ಮೆಲ್ಲರ ಎದುರಿಗೇ ನುಂಗುತ್ತಿದ್ದರು. ರಾತ್ರಿ ಎಂಟಕ್ಕೆ ಇನ್ನೊಂದು. ಒಂದು ದಿನ ಹೊಸದಾಗಿ ಸೇರಿದ ಹುಡುಗಿಯೊಬ್ಬಳು, ಬಿಪಿಗಾ ಸಾರ್, ಎಂದು ಕೇಳಿದಳು.

"ಅಲ್ಲಮ್ಮ, ತಲೆಗೆ. ಇಪ್ಪತ್ತನಾಲ್ಕನೇ ವಯಸ್ಸಲ್ಲಿ ನಂಗೆ ಹುಚ್ಚು ಹಿಡಿದಿತ್ತು. ಮತ್ತೆ ಬರಬಾರದು ಅಂತ ಇದು."

ಯಂತ್ರಗಳೆಲ್ಲ ನಿಂತುಹೋದವು. ಅವರು ಅದೇ ಧ್ವನಿಯಲ್ಲಿ ಮುಂದುವರಿಸಿದರು. ಡಾಕ್ಟರು ಇದಕ್ಕೆ ಇಂಗ್ಲಿಷಿನಲ್ಲಿ ಒಂದು ಹೆಸರು ಹೇಳುತ್ತಾರೆ, ಅದನ್ನು ಹೇಳಿದರೆ ನೀವು ಕೆಳಗಿಳಿದ ಮೇಲೆ ಹುಚ್ಚು ಎಂದೇ ಅನುವಾದ ಮಾಡಿಕೊಳ್ಳುತ್ತೀರಿ, ಅದಕ್ಕೆ ನಾನೇ ಹೇಳಿಬಿಡುತ್ತೇನೆ ಎಂದರು. ಕೈ ನಡುಗುವುದು ಈ ಮಾತ್ರೆಯಿಂದಲೇ ಎಂದರು. ಆಮೇಲೆ, ಹೂಂ, ಹೊಡೀರಿ, ಎಂದು ಕ್ಯಾಸೆಟ್ಟು ತಿರುವಿ ಹಾಕಿದರು. ನಾವು ಯಾರೂ ಇದನ್ನು ಮನೆಯಲ್ಲಿ ಹೇಳಲಿಲ್ಲ. ಹೇಳಿದರೆ ಕ್ಲಾಸು ಬಿಡಿಸುತ್ತಾರೆ ಎಂದು ಎಲ್ಲರಿಗೂ ಗೊತ್ತಿತ್ತು. ಅವರು ಮುಚ್ಚಿಡದೆ ಇದ್ದದ್ದನ್ನು ನಾವು ಅವರ ಪರವಾಗಿ ಮುಚ್ಚಿಟ್ಟೆವು.

ಅವರ ಕಥೆ ನನಗೆ ಸಿಕ್ಕಿದ್ದು ಚೂರುಚೂರಾಗಿ, ಅರ್ಧ ಅವರಿಂದ, ಅರ್ಧ ಅವರ ತಾಯಿಯಿಂದ. ಸರ್ಕಾರಿ ಕಚೇರಿಯೊಂದರಲ್ಲಿ ಸ್ಟೆನೋ ಆಗಿದ್ದರು. ಒಂದು ಬೇಸಿಗೆಯಲ್ಲಿ ನಿದ್ದೆಯೇ ಬಾರದಾಯಿತು. ಹತ್ತು ಜನರ ಕೆಲಸ ಒಬ್ಬರೇ ಮಾಡತೊಡಗಿದರು. ಇಲಾಖೆಯನ್ನು ಹೇಗೆ ನಡೆಸಬೇಕೆಂದು ಮೇಲಧಿಕಾರಿಗೆ ದಿನಕ್ಕೊಂದು ಇಪ್ಪತ್ತು ಪುಟದ ಪತ್ರ ಬರೆದರು. ಒಂದು ಮಧ್ಯಾಹ್ನ ಮೆಜೆಸ್ಟಿಕ್ಕಿಗೆ ಹೋಗಿ ವಾಚು, ಸೈಕಲ್ಲು, ಮೈಮೇಲಿನ ಶರ್ಟು ಎಲ್ಲವನ್ನೂ ದಾರಿಹೋಕರಿಗೆ ಕೊಟ್ಟು ಬಂದರು. ಮನೆಯಲ್ಲಿ ಅಪ್ಪ, ಅಣ್ಣ ಸೇರಿ ಹಿಂದಿನ ಕೋಣೆಯಲ್ಲಿ ಕೂಡಿಹಾಕಿದರು. ಯಾವುದೋ ಊರಿಗೆ ಕರೆದೊಯ್ದು ಬೇವಿನ ಸೊಪ್ಪಿನಿಂದ ಹೊಡೆಸಿದರು. ಆ ಇಂಗ್ಲಿಷ್ ಕಿರುಚಾಟ ಕೇಳಿ ಕೇಳಿಯೇ ತಲೆ ಕೆಟ್ಟಿದೆ ಎಂದು ಅಣ್ಣ ಅವರ ರೆಕಾರ್ಡುಗಳನ್ನೆಲ್ಲ ಒಗೆಯುವ ಕಲ್ಲಿನ ಮೇಲೆ ಒಡೆದುಹಾಕಿದ. ಹನ್ನೊಂದು ತಿಂಗಳಾದ ಮೇಲೆ ಒಂದು ದಿನ, ಗಂಡಸರು ಕೆಲಸಕ್ಕೆ ಹೋದ ಹೊತ್ತಿನಲ್ಲಿ, ತಾಯಿ ಬಾಗಿಲು ತೆಗೆದು, ಮಗನ ಕೈ ಹಿಡಿದುಕೊಂಡು ಬಸ್ಸು ಹತ್ತಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಆಕೆಗೆ ಆಸ್ಪತ್ರೆಯ ಬೋರ್ಡು ಓದಲೂ ಬರುತ್ತಿರಲಿಲ್ಲ.

ಆ ಸಂಗೀತವನ್ನೇ ಯಾಕೆ ಅಷ್ಟು ಹಚ್ಚಿಕೊಂಡಿದ್ದೀರಿ ಎಂದು ನಾನು ಒಮ್ಮೆ ಕೇಳಿದ್ದೆ. ಅವರು ತಮಾಷೆ ಮಾಡುತ್ತಾರೆಂದುಕೊಂಡಿದ್ದೆ, ಮಾಡಲಿಲ್ಲ. "ತಲೆಯೊಳಗೆ ಗಲಾಟೆ ಶುರುವಾದಾಗ ಅದಕ್ಕಿಂತ ಜೋರಾಗಿರೋದು ಇದೊಂದೇ ನೋಡು. ಇವರೂ ನನ್ನ ಹಾಗೇ ಕಿರುಚ್ತಿದಾರೆ, ಆದ್ರೆ ತಾಳ ತಪ್ತಾ ಇಲ್ಲ ಅನ್ಸುತ್ತೆ," ಎಂದರು.

ಇದನ್ನೆಲ್ಲ ಕೇಳುತ್ತಿದ್ದ ನಾನು ದಿನಾ ಬೆಳಿಗ್ಗೆ ಎಂಥ ಮನೆಯಿಂದ ಬರುತ್ತಿದ್ದೆ ಎಂದು ಈಗ ಹೇಳಬೇಕು.

ನನಗೊಬ್ಬಳು ಅಕ್ಕ, ನನಗಿಂತ ಐದು ವರ್ಷ ದೊಡ್ಡವಳು. ಅವಳಿಗೆ ಮದುವೆ ಗೊತ್ತಾಗಿತ್ತು. ನಿಶ್ಚಿತಾರ್ಥವಾದ ಎರಡು ತಿಂಗಳಿಗೆ ಅವಳು ಊಟ ಬಿಟ್ಟಳು, ಆಮೇಲೆ ನಿದ್ದೆ ಬಿಟ್ಟಳು. ಪಕ್ಕದ ಮನೆಯವರು ಗೋಡೆಯೊಳಗೆ ವೈರು ಎಳೆದು ತನ್ನ ಮಾತು ಕೇಳುತ್ತಿದ್ದಾರೆ ಎನ್ನತೊಡಗಿದಳು. ಗೋಡೆಗೆ ಕಿವಿಯಿಟ್ಟು ಗಂಟೆಗಟ್ಟಲೆ ಕೂರುತ್ತಿದ್ದಳು, ಗೋಡೆಯ ಜೊತೆ ವಾದ ಮಾಡುತ್ತಿದ್ದಳು. ಗಂಡಿನ ಮನೆಯವರಿಗೆ ಏನೋ ಸುಳಿವು ಸಿಕ್ಕಿ ಸಂಬಂಧ ಮುರಿದುಹೋಯಿತು. ಅಲ್ಲಿಂದ ಅಕ್ಕ ಹಿಂದಿನ ಕೋಣೆಗೆ ಸೇರಿದಳು. ಅವಳು ಮೈಸೂರಿನ ಚಿಕ್ಕಮ್ಮನ ಮನೆಯಲ್ಲಿದ್ದಾಳೆ ಎಂದು ಎಲ್ಲರಿಗೂ ಹೇಳಿದೆವು. ಯಾರಾದರೂ ಮನೆಗೆ ಬಂದರೆ ಅಮ್ಮ ರೇಡಿಯೋ ಜೋರು ಮಾಡುತ್ತಿದ್ದಳು, ಅಕ್ಕನ ಮಾತು ಕೇಳಿಸದಿರಲಿ ಎಂದು. ಸುಳ್ಳು ಹೇಳುವುದರಲ್ಲಿ ಎಲ್ಲರಿಗಿಂತ ಗಟ್ಟಿ ನಾನು. ಅಕ್ಕ ಮೈಸೂರಿನಲ್ಲಿ ಹೊಲಿಗೆ ಕಲಿಯುತ್ತಿದ್ದಾಳೆ, ಚಿಕ್ಕಮ್ಮನ ಮಗುವಿಗೆ ಅವಳೆಂದರೆ ಪ್ರಾಣ, ಹೀಗೆ ಯಾರೂ ಕೇಳದ ವಿವರಗಳನ್ನೂ ಸೇರಿಸುತ್ತಿದ್ದೆ. ಎಲ್ಲವೂ ನನ್ನ ಭವಿಷ್ಯಕ್ಕಾಗಿ ಎಂದು ಅಪ್ಪ ಹೇಳುತ್ತಿದ್ದರು. ಒಬ್ಬಳ ವಿಷಯ ಹೊರಗೆ ಬಿದ್ದರೆ ಇನ್ನೊಬ್ಬಳಿಗೂ ಗಂಡು ಸಿಗುವುದಿಲ್ಲ.

ಒಂದು ದಿನ ಕ್ಲಾಸು ಮುಗಿದ ಮೇಲೆ ನಾನು ಹಿಂದೆ ಉಳಿದೆ. ಆ ಮಾತ್ರೆಯ ಹೆಸರೇನು ಸಾರ್, ಎಂದು ಕೇಳಿದೆ. ಯಾರಿಗೆ ಎಂದರು. ನನ್ನ ಸ್ನೇಹಿತೆಯ ಅಕ್ಕನಿಗೆ ಎಂದೆ. ಅವರು ನನ್ನ ಮುಖವನ್ನೇ ನೋಡಿದರು. ಒಬ್ಬರ ಮಾತ್ರೆ ಇನ್ನೊಬ್ಬರಿಗೆ ಆಗುವುದಿಲ್ಲ, ಡಾಕ್ಟರು ನೋಡಬೇಕು ಎಂದಷ್ಟೇ ಹೇಳಿದರು. ಮರುದಿನದಿಂದ ಆ ಸುಳ್ಳಿನೊಳಗೇ ನಿಂತು ನನ್ನ ಜೊತೆ ಮಾತಾಡತೊಡಗಿದರು. ನಿನ್ನ ಸ್ನೇಹಿತೆಯ ಅಕ್ಕ ನಿನ್ನೆ ಊಟ ಮಾಡಿದಳಾ, ಸ್ನಾನ ಮಾಡಿಸಿದರಾ, ಬಾಗಿಲಿಗೆ ಚಿಲಕ ಒಳಗಿದೆಯೋ ಹೊರಗಿದೆಯೋ ಎಂದು ಕೇಳುತ್ತಿದ್ದರು. ಹೊರಗಿದೆ ಎಂದ ದಿನ ಅವರು ಪಾಠ ಮಾಡಲಿಲ್ಲ. ಕಿಟಕಿಯ ಹತ್ತಿರ ಹೋಗಿ ನಿಂತುಕೊಂಡರು.

ಮುಂದಿನ ಭಾನುವಾರ ಅವರು ನಮ್ಮ ಮನೆಗೆ ಬಂದರು. ಕ್ಲಾಸಿನ ರಿಜಿಸ್ಟರಿನಲ್ಲಿ ವಿಳಾಸ ನೋಡಿಕೊಂಡು ಬಂದಿದ್ದರು. ಕೂದಲು ಬಾಚಿಕೊಂಡಿದ್ದರು, ಒಳಗೆ ಕಪ್ಪು ಟೀ ಶರ್ಟು ಹಾಕಿರಲಿಲ್ಲ. ಅಮ್ಮ ರೇಡಿಯೋ ಜೋರು ಮಾಡಿದಳು. ಅವರು ಅಪ್ಪನ ಎದುರು ಕೂತು, ತಮ್ಮ ಕಾಯಿಲೆಯ ವಿಷಯ ಮೊದಲು ಹೇಳಿ, ಆಮೇಲೆ ಅಕ್ಕನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗೋಣ, ನಾನೂ ಜೊತೆಗೆ ಬರುತ್ತೇನೆ ಎಂದರು. ಅಪ್ಪ ನನ್ನ ಕಡೆ ತಿರುಗಿ ನೋಡಿದ ನೋಟ ನನಗೆ ಇನ್ನೂ ನೆನಪಿದೆ. ನಮ್ಮ ಮನೆಯಲ್ಲಿ ಅಂಥವರು ಯಾರೂ ಇಲ್ಲ, ನನ್ನ ದೊಡ್ಡ ಮಗಳು ಮೈಸೂರಿನಲ್ಲಿದ್ದಾಳೆ ಎಂದರು. ಅಷ್ಟು ಹೊತ್ತಿಗೆ ರೇಡಿಯೋದಲ್ಲಿ ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ನಡುವೆ ಹಿಂದಿನ ಕೋಣೆಯಿಂದ ಅಕ್ಕನ ಮಾತು ಸ್ಪಷ್ಟವಾಗಿ ಕೇಳಿಸಿತು.

ಮೇಷ್ಟ್ರು ಎದ್ದು ನಿಂತರು. "ನನ್ನನ್ನೂ ಹನ್ನೊಂದು ತಿಂಗಳು ಹೀಗೇ ಇಟ್ಟಿದ್ರು ಸಾರ್. ಒಳಗಿರೋರಿಗೆ ಹೊರಗಿನ ಮಾತೆಲ್ಲ ಕೇಳ್ಸುತ್ತೆ. ಈಗ ನೀವು ಹೇಳಿದ್ದೂ ಅವಳಿಗೆ ಕೇಳ್ಸಿದೆ."

ಅಪ್ಪ ಬಾಗಿಲು ತೋರಿಸಿದರು. ಅವರು ಹೋದ ಮೇಲೆ ನನಗೆ ಮೊದಲ ಸಲ ಹೊಡೆದರು. ಟೈಪಿಂಗ್ ಕ್ಲಾಸು ಅಲ್ಲಿಗೆ ನಿಂತಿತು.

ಅಷ್ಟಕ್ಕೇ ಮುಗಿಯಲಿಲ್ಲ. ಅಪ್ಪನಿಗೆ ಹೆದರಿಕೆ ಹಿಡಿದುಕೊಂಡಿತು. ಈ ಮನುಷ್ಯ ಹೊರಗೆ ಯಾರಿಗಾದರೂ ಹೇಳಿದರೆ ಗತಿಯೇನು ಎಂದು. ಹೇಳಿದರೂ ಯಾರೂ ನಂಬದ ಹಾಗೆ ಮಾಡಬೇಕಿತ್ತು. ಬ್ಯಾಂಕಿಗೆ ಬರುವವರು, ವಾಕಿಂಗಿನ ಗೆಳೆಯರು, ದೇವಸ್ಥಾನದಲ್ಲಿ ಸಿಗುವವರು, ಎಲ್ಲರಿಗೂ ಒಂದೊಂದು ಮಾತು ಹೇಳುತ್ತ ಬಂದರು. ಚಾಮರಾಜಪೇಟೆಯ ಆ ಟೈಪಿಂಗ್ ಮೇಷ್ಟ್ರಿಗೆ ಹುಚ್ಚು, ಹೆಣ್ಣುಮಕ್ಕಳನ್ನು ಕೂರಿಸಿಕೊಂಡು ಕೆಟ್ಟ ಹಾಡು ಹಾಕುತ್ತಾನೆ, ನನ್ನ ಮಗಳನ್ನು ಅದಕ್ಕೇ ಬಿಡಿಸಿದೆ ಎಂದು. ಇದು ನನಗೆ ಆಗ ಗೊತ್ತಾಗಲಿಲ್ಲ. ನನ್ನ ಜೊತೆ ಕಲಿಯುತ್ತಿದ್ದ ಹುಡುಗಿ ಕಾಲೇಜಿನಲ್ಲಿ ಸಿಕ್ಕಿ ಹೇಳಿದಳು, ಒಂದೇ ತಿಂಗಳಲ್ಲಿ ಹುಡುಗಿಯರೆಲ್ಲ ಬಿಟ್ಟರು, ಆಮೇಲೆ ಹುಡುಗರೂ ಬಿಟ್ಟರು ಎಂದು. ಯಾರೋ ಮೆಟ್ಟಿಲ ಬಳಿಯ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ 'ಹುಚ್ಚಾಸ್ಪತ್ರೆ' ಎಂದು ಬರೆದಿದ್ದರಂತೆ. ಮೇಷ್ಟ್ರು ಅದನ್ನು ಅಳಿಸಲಿಲ್ಲ. ಒಂದು ಹಾಳೆ ಟೈಪ್ ಮಾಡಿ ಬಾಗಿಲಿಗೆ ಅಂಟಿಸಿದರು. ಆ ಹಾಳೆಯನ್ನು ಆಮೇಲೆ ನಾನೂ ನೋಡಿದೆ. ಅದರಲ್ಲಿ ಮೂರೇ ಸಾಲು:

'ಇಲ್ಲಿನ ಶಿಕ್ಷಕರಿಗೆ ಮಾನಸಿಕ ಕಾಯಿಲೆ ಇದೆ. ಔಷಧಿ ತೆಗೆದುಕೊಳ್ಳುತ್ತಾರೆ. ಕನ್ನಡ ಮತ್ತು ಇಂಗ್ಲಿಷ್ ಟೈಪಿಂಗ್ ಕಲಿಸಲಾಗುವುದು.'

ಐದು ತಿಂಗಳ ನಂತರ, ಅಮ್ಮ ಊಟ ಕೊಡಲು ಬಾಗಿಲು ತೆಗೆದಾಗ, ಅಕ್ಕ ಅಮ್ಮನನ್ನು ತಳ್ಳಿ ಹೊರಗೆ ಓಡಿದಳು. ಇಡೀ ದಿನ ಹುಡುಕಿದೆವು, ಯಾರಿಗೂ ಬಾಯಿಬಿಟ್ಟು ಹೇಳದೆ ಹುಡುಕಿದೆವು. ಮೈಸೂರಿನಲ್ಲಿರುವವಳು ತ್ಯಾಗರಾಜನಗರದಲ್ಲಿ ಕಳೆದುಹೋಗಿದ್ದಾಳೆ ಎಂದು ಯಾರ ಹತ್ತಿರ ಹೇಳುವುದು? ಎರಡನೇ ದಿನ ಮಧ್ಯಾಹ್ನ ಕಲಾಸಿಪಾಳ್ಯದಲ್ಲಿ ಸಿಕ್ಕಳು. ತರಕಾರಿ ಮಂಡಿಯ ಹಿಂದೆ ಎಲೆಕೋಸಿನ ಮೂಟೆಗಳ ನಡುವೆ ಕೂತಿದ್ದಳು. ಕಾಲು ಹರಿದು ರಕ್ತ ಕಟ್ಟಿತ್ತು. ಸೊಪ್ಪು ಮಾರುವ ಹೆಂಗಸೊಬ್ಬಳು ತನ್ನದೊಂದು ಹಳೆ ಸೀರೆ ಹೊದಿಸಿ, ಟೀ ಕುಡಿಸಿ, ಪಕ್ಕದಲ್ಲಿ ಕೂರಿಸಿಕೊಂಡಿದ್ದಳು. ಆ ಎರಡು ದಿನಗಳಲ್ಲಿ ಅಕ್ಕನಿಗೆ ಏನಾಯಿತೆಂದು ಅವಳು ಇವತ್ತಿಗೂ ಹೇಳಿಲ್ಲ. ನಾವು ಕೇಳಿಲ್ಲ.

ಅಪ್ಪ ಅವಳನ್ನು ಆಟೋದಲ್ಲಿ ಕೂರಿಸಿದರು. ಮನೆಗೆ ಎನ್ನಲಿಲ್ಲ, ಚಾಮರಾಜಪೇಟೆಗೆ ಎಂದರು. ಅಮ್ಮ, ಅಕ್ಕ ಕೆಳಗೆ ಆಟೋದಲ್ಲೇ ಕೂತರು. ಅಪ್ಪನ ಹಿಂದೆ ನಾನು ಮೆಟ್ಟಿಲು ಹತ್ತಿದೆ. ಬಾಗಿಲ ಮೇಲಿನ ಹಾಳೆಯ ಮುಂದೆ ಅಪ್ಪ ತುಂಬ ಹೊತ್ತು ನಿಂತರು, ಮೂರು ಸಾಲು ಓದಲು ಅಷ್ಟು ಹೊತ್ತು ಬೇಕಿರಲಿಲ್ಲ. ಒಳಗೆ ಹದಿನಾಲ್ಕು ಯಂತ್ರಗಳಲ್ಲಿ ಹನ್ನೊಂದಕ್ಕೆ ಬಟ್ಟೆ ಹೊದಿಸಿತ್ತು. ಮೂವರು ಕಲಿಯುತ್ತಿದ್ದರು. ಮೇಷ್ಟ್ರು ನಮ್ಮನ್ನು ನೋಡಿ, ಟೂ-ಇನ್-ಒನ್ ಆರಿಸಿ, ಕಾರಣವನ್ನೂ ಕೇಳದೆ ಚಪ್ಪಲಿ ಮೆಟ್ಟಿಕೊಂಡರು.

ಆಸ್ಪತ್ರೆಯಲ್ಲಿ ಸಂಜೆಯವರೆಗೆ ಕಾದೆವು. ಅಪ್ಪನಿಗೆ ಡಾಕ್ಟರ ಮುಂದೆ ಬಾಯಿ ಕಟ್ಟಿಹೋಯಿತು. ಎಂದಿನಿಂದ, ಏನೇನು ಎಂದು ಎಲ್ಲವನ್ನೂ ಮೇಷ್ಟ್ರೇ ನನ್ನಿಂದ ಕೇಳಿ ಕೇಳಿ ಹೇಳಿಸಿದರು. ಅಕ್ಕನನ್ನು ದಾಖಲು ಮಾಡಿಕೊಂಡರು. ಹೊರಗೆ ಬರುವಾಗ ಅಪ್ಪ ಗೇಟಿನ ಹತ್ತಿರ ನಿಂತು, ತಲೆ ಎತ್ತದೆ ಹೇಳಿದರು:

"ನಿಮ್ಮ ವಿಷಯ ಎಲ್ಲರಿಗೂ ಹೇಳಿದ್ದು ನಾನೇ."

"ಗೊತ್ತು ಸಾರ್," ಎಂದರು ಮೇಷ್ಟ್ರು. "ನಾಳೆ ಬರ್ತಾ ಅವಳಿಗೆ ಒಂದು ಸ್ವೆಟರ್ ತನ್ನಿ. ವಾರ್ಡಲ್ಲಿ ಚಳಿ ಇರುತ್ತೆ."

ನನಗೆ ಅಪ್ಪ ಮಾಡಿದ್ದು ಗೊತ್ತಾದದ್ದು ಆ ಕ್ಷಣದಲ್ಲಿ. ಅವರಿಬ್ಬರನ್ನೂ ನೋಡಲಾಗದೆ ರಸ್ತೆ ನೋಡುತ್ತ ನಿಂತೆ.

ಅಕ್ಕ ಎರಡು ತಿಂಗಳಿಗೆ ಮನೆಗೆ ಬಂದಳು. ಗೋಡೆಯೊಳಗಿನ ವೈರು ಪೂರ್ತಿ ಹೋಗಲಿಲ್ಲ, ಆದರೆ ಅದರ ಜೊತೆ ವಾದ ಮಾಡುವುದನ್ನು ಬಿಟ್ಟಳು. ಮಾತ್ರೆಗಳಿಂದ ಮೈ ಊದಿಕೊಂಡಿತು, ನಾಲಗೆ ದಪ್ಪವಾಗಿ ಮಾತು ನಿಧಾನವಾಯಿತು. ಬೀದಿಯಲ್ಲಿ ಹೋದರೆ ಜನ ನೋಡುತ್ತಾರೆ ಎಂದು ಹೊಸಿಲು ದಾಟುತ್ತಿರಲಿಲ್ಲ. ಈ ಸಲ ಅವಳು ಹೇಳಿದ್ದು ಸುಳ್ಳಲ್ಲ, ಜನ ನಿಜವಾಗಿಯೂ ನೋಡುತ್ತಿದ್ದರು. ಮೇಷ್ಟ್ರು ವಾರಕ್ಕೊಮ್ಮೆ ಬಂದು ಹೊರಗಿನ ಕೋಣೆಯಲ್ಲಿ ಅವಳ ಜೊತೆ ಕೂರುತ್ತಿದ್ದರು. ಮಾತು ಕಡಿಮೆ. ಯಾವ ಮಾತ್ರೆಗೆ ಬಾಯಿ ಒಣಗುತ್ತದೆ, ಯಾವುದಕ್ಕೆ ನಿದ್ದೆ ಬರುತ್ತದೆ ಎಂದು ಇಬ್ಬರೂ ಸಮಾಚಾರ ಹೇಳಿಕೊಳ್ಳುತ್ತಿದ್ದರು. ಅಪ್ಪ ಆ ಹೊತ್ತಿಗೆ ಹೊರಗೆ ಹೋಗಿಬಿಡುತ್ತಿದ್ದರು.

ಒಂದು ಶನಿವಾರ ಅವರು ಅಕ್ಕನನ್ನೂ ನನ್ನನ್ನೂ ಅರಮನೆ ಮೈದಾನಕ್ಕೆ ಕರೆದುಕೊಂಡು ಹೋದರು. ಕಾಲೇಜು ಹುಡುಗರ ನಾಲ್ಕೈದು ತಂಡಗಳ ರಾಕ್ ಕಾರ್ಯಕ್ರಮ. ಮಧ್ಯಾಹ್ನದ ಬಿಸಿಲು, ಧೂಳು, ಸಾವಿರಾರು ಹುಡುಗರು. ಅವತ್ತು ಅವರು ಬಿಳಿ ಶರ್ಟು ಹಾಕಿರಲಿಲ್ಲ. ಕಪ್ಪು ಟೀ ಶರ್ಟಿನಲ್ಲಿ ಅವರನ್ನು ಹಾಗೆ ನೋಡಿದ್ದು ನಾನು ಅದೇ ಮೊದಲು. ಹುಡುಗರು ಅವರನ್ನು ಗುರು ಎಂದು ಕರೆದು ದಾರಿ ಬಿಟ್ಟರು. ವೇದಿಕೆಯ ಮೇಲೆ ಸದ್ದು ಶುರುವಾದಾಗ ಅಕ್ಕ ಎರಡೂ ಕಿವಿ ಮುಚ್ಚಿಕೊಂಡಳು. ನನಗೆ ಹೆದರಿಕೆಯಾಗಿ ವಾಪಸ್ಸು ಹೋಗೋಣ ಸಾರ್ ಎಂದೆ. ಅವರು ಅಕ್ಕನನ್ನೇ ಕೇಳಿದರು. ಅವಳು ಸ್ವಲ್ಪ ಹೊತ್ತು ನಿಂತಿದ್ದು ಕೈ ಕೆಳಗಿಳಿಸಿದಳು. ಸುತ್ತಲೂ ಎಲ್ಲರೂ ತಲೆ ಕೊಡವುತ್ತಿದ್ದರು, ಕೂಗುತ್ತಿದ್ದರು. ಅಕ್ಕನೂ ಬಾಯಿ ತೆರೆದು ಕೂಗಿದಳು. ಒಂದು ಸಲ, ಎರಡು ಸಲ, ಆಮೇಲೆ ನಿಲ್ಲಿಸದೆ. ಕಣ್ಣಿನಿಂದ ನೀರು ಸುರಿಯುತ್ತಿತ್ತು. ಮೇಷ್ಟ್ರು ಅವಳ ಕಡೆ ನೋಡದೆ ವೇದಿಕೆಯನ್ನೇ ನೋಡುತ್ತ ತಾಳಕ್ಕೆ ತಲೆ ಆಡಿಸುತ್ತಿದ್ದರು. ಬಸ್ಸಿನಲ್ಲಿ ಬರುವಾಗ ಅವಳು ನನಗೆ ಹೇಳಿದಳು, "ಅಷ್ಟು ಜನ ಇದ್ರು. ಒಬ್ರೂ ನನ್ನ ನೋಡ್ಲಿಲ್ಲ ಕಣೇ."

ನಾನು ಮತ್ತೆ ಕ್ಲಾಸಿಗೆ ಸೇರಿ, ಸೀನಿಯರ್ ಪಾಸಾಗಿ, ಕೋರ್ಟಿನಲ್ಲಿ ಟೈಪಿಸ್ಟ್ ಆದೆ. ತೊಂಬತ್ತೆಂಟರಲ್ಲಿ ಮಲ್ಲೇಶ್ವರದ ಮನೆಯೊಂದರಿಂದ ಸಂಬಂಧ ಬಂತು. ಅಕ್ಕನಿಗೆ ಯಾಕೆ ಮದುವೆಯಾಗಿಲ್ಲ ಎಂದು ಕೇಳಿದರು. ಥೈರಾಯ್ಡ್ ತೊಂದರೆ ಎಂದು ಅಪ್ಪ ಹೇಳಿದರು. ನಾನು ಪಕ್ಕದಲ್ಲೇ ಕೂತಿದ್ದೆ. ಸುಮ್ಮನಿದ್ದೆ. ಲಗ್ನಪತ್ರಿಕೆ ಕೊಡಲು ಹೋದಾಗ ಮೇಷ್ಟ್ರು ಒಂದೇ ಪ್ರಶ್ನೆ ಕೇಳಿದರು, ಅವರ ಮನೆಯಲ್ಲಿ ಹೇಳಿದ್ದೀಯಾ ಎಂದು. ಇಲ್ಲ ಎಂದೆ. ಸಿಟ್ಟು ಮಾಡಲಿಲ್ಲ. "ಹೇಳೋದು ಬಿಡೋದು ನಿನ್ನಿಷ್ಟ. ಮದ್ವೆಲಿ ನಿಮ್ಮಕ್ಕನ್ನ ಅಡುಗೆಮನೆ ಕಡೆ ಕೂರಿಸ್ಬೇಡ, ಅಷ್ಟೇ," ಎಂದರು. ಅಕ್ಕ ಅಡುಗೆಮನೆಯ ಕಡೆಯೇ ಕೂತಳು. ಮೇಷ್ಟ್ರು ಮದುವೆಗೆ ಬಂದು, ಅವಳನ್ನು ಹುಡುಕಿಕೊಂಡು ಹೋಗಿ, ಅಲ್ಲೇ ಅವಳ ಪಕ್ಕದ ಎಲೆಯಲ್ಲಿ ಊಟ ಮಾಡಿ ಹೋದರು ಎಂದು ಆಮೇಲೆ ತಿಳಿಯಿತು. ಅವರು ಬಂದದ್ದು ನನಗೆ ಗೊತ್ತೇ ಆಗಲಿಲ್ಲ.

ಅವರ ಕೊನೆಯ ವರ್ಷಗಳು ಕೆಟ್ಟದಾಗಿದ್ದವು. ಮೊದಲು ತಾಯಿ ಹೋದರು. ಟೈಪ್‌ರೈಟರ್ ಕಲಿಯುವವರು ಇಲ್ಲವಾದರು, ಎಲ್ಲರೂ ಕಂಪ್ಯೂಟರ್ ಕ್ಲಾಸಿಗೆ ಹೋದರು. ಅಷ್ಟು ವರ್ಷ ಅವರನ್ನು ಹಿಡಿದು ನಿಲ್ಲಿಸಿದ್ದ ಮಾತ್ರೆ ಅವರ ಕಿಡ್ನಿಯನ್ನು ತಿಂದುಹಾಕಿತ್ತು. ಡಾಕ್ಟರು ಅದನ್ನು ನಿಲ್ಲಿಸಿ ಬೇರೆ ಕೊಟ್ಟರು, ಅದು ಹಿಡಿಯಲಿಲ್ಲ. ಇಪ್ಪತ್ತೈದು ವರ್ಷ ದೂರವಿದ್ದ ಕಾಯಿಲೆ ಮರಳಿ ಬಂತು. ಬರಿಗಾಲಿನಲ್ಲಿ ರಸ್ತೆಗಿಳಿದು ಹೋಗಿಬರುವವರಿಗೆಲ್ಲ ಕ್ಯಾಸೆಟ್ಟು ಹಂಚಿದರು. ನೋಡಿ, ನಾವು ಆಗಲೇ ಹೇಳಿರಲಿಲ್ಲವಾ ಎಂದಿತು ಬೀದಿ. ಎರಡು ಸಲ ಆಸ್ಪತ್ರೆಗೆ ಸೇರಿ ಬಂದರು. ಎರಡು ಸಲವೂ ಜೊತೆಗಿದ್ದವಳು ಅಕ್ಕ. ಮನೆಯ ಹೊಸಿಲು ದಾಟದಿದ್ದವಳು ದಿನಾ ಬಸ್ಸಿನಲ್ಲಿ ಚಾಮರಾಜಪೇಟೆಗೆ ಹೋಗಿ, ಎಂಟು ಗಂಟೆಗೆ ಸರಿಯಾಗಿ ಅವರಿಗೆ ಮಾತ್ರೆ ಕೊಟ್ಟು, ತಾನೂ ನುಂಗಿ ಬರುತ್ತಿದ್ದಳು. ನಾನು ಎರಡು ತಿಂಗಳಿಗೊಮ್ಮೆ, ಗಂಡನ ಮನೆಯಲ್ಲಿ ಬೇರೆ ಏನೋ ನೆಪ ಹೇಳಿ, ಹೋಗುತ್ತಿದ್ದೆ. ಕೊನೆಯ ಸಲ ನೋಡಿದಾಗ ಮುಖ, ಕಾಲು ಊದಿಕೊಂಡಿದ್ದವು. ಹಾಡು ಹಾಕಲಾ ಸಾರ್ ಎಂದೆ. ಬೇಡಮ್ಮ, ಈಗ ಒಳಗೆ ಏನೂ ಗಲಾಟೆ ಇಲ್ಲ ಎಂದರು. ಅದು ಒಳ್ಳೆಯದೋ ಕೆಟ್ಟದ್ದೋ ನನಗೆ ತಿಳಿಯಲಿಲ್ಲ.

ಎರಡು ಸಾವಿರದ ಆರರ ಆಷಾಢದಲ್ಲಿ ಅವರು ಹೋದರು. ಬೆಳಿಗ್ಗೆ ಅಕ್ಕನ ಫೋನು ಬಂತು. ನಮ್ಮ ಮನೆಯವರು ಸ್ಕೂಟರಿನಲ್ಲಿ ಬಿಡುತ್ತೇನೆ ಎಂದರು, ಬೇಡ ಎನ್ನಲು ಕಾರಣ ಹೊಳೆಯಲಿಲ್ಲ. ಮೇಲೆ, ಬಟ್ಟೆ ಹೊದಿಸಿದ ಯಂತ್ರಗಳ ಪಕ್ಕದಲ್ಲಿ ಅವರನ್ನು ಮಲಗಿಸಿದ್ದರು. ಅವರ ಅಣ್ಣ ಬಂದಿದ್ದರು, ವಯಸ್ಸಾಗಿತ್ತು. ಬಂದವರಿಗೆಲ್ಲ ಹಾರ್ಟ್ ಅಟ್ಯಾಕ್ ಎಂದು ಹೇಳುತ್ತಿದ್ದರು. ಆಮೇಲೆ ಗೋಡೆಯುದ್ದಕ್ಕೂ ಜೋಡಿಸಿದ್ದ ಕ್ಯಾಸೆಟ್ಟುಗಳನ್ನು ತೋರಿಸಿ, ಎಲ್ಲ ಹಾಳಾಗಿದ್ದು ಇದರಿಂದಲೇ, ಮೊದಲು ಇದನ್ನೆಲ್ಲ ಗುಜರಿಗೆ ಹಾಕಬೇಕು ಎಂದರು.

ಅಕ್ಕ ಗೋಡೆಗೆ ಒರಗಿ ಕೂತಿದ್ದಳು. ಅವಳು ಮೊದಲು ನನ್ನನ್ನು, ಆಮೇಲೆ ನನ್ನ ಪಕ್ಕದಲ್ಲಿದ್ದ ನನ್ನ ಗಂಡನನ್ನು ನೋಡಿದಳು. ನಾನು ಬೇಡ ಎಂದು ಕಣ್ಣಿನಲ್ಲೇ ಹೇಳಿದೆ. ಹೌದು, ಆ ಹೆಣದ ಮುಂದೆಯೂ ನಾನು ಹಾಗೆ ಹೇಳಿದೆ. ಅವಳು ನಿಧಾನವಾಗಿ, ತನ್ನ ದಪ್ಪ ನಾಲಗೆಯಲ್ಲಿ ಒಂದೊಂದೇ ಪದ ಆರಿಸಿಕೊಂಡು ಮಾತಾಡಿದಳು.

"ನಾನು ಯಾವ ಹಾಡೂ ಕೇಳ್ತಿರ್ಲಿಲ್ಲ. ನಂಗೂ ಬಂತಲ್ಲ. ಹನ್ನೆರಡು ವರ್ಷದಿಂದ ಮಾತ್ರೆ ತಗೋತಿದೀನಿ. ಹಾಡಿಂದ ಅವ್ರು ಹಾಳಾಗ್ಲಿಲ್ಲ, ಹಾಡಿಂದ ಇಷ್ಟು ದಿನ ಇದ್ರು."

ಅವರ ಅಣ್ಣ ಮೆಟ್ಟಿಲಿಳಿದು ಹೋದರು.

ವಾಪಸ್ಸು ಬರುವಾಗ ಮಲ್ಲೇಶ್ವರದ ತಿರುವಿನಲ್ಲಿ ನಮ್ಮ ಮನೆಯವರು ಸ್ಕೂಟರ್ ನಿಲ್ಲಿಸಿ, ಅತ್ತಿಗೆ ಹೇಳಿದ್ದು ನಿಜವಾ ಎಂದು ಕೇಳಿದರು. ದುಃಖದಲ್ಲಿ ಏನೋ ಹೇಳಿದಳು ಬಿಡಿ ಎನ್ನುವ ಮಾತು ನನ್ನ ನಾಲಗೆಯ ತುದಿಯಲ್ಲೇ ಸಿದ್ಧವಾಗಿತ್ತು. ಎಷ್ಟು ವರ್ಷದ ಅಭ್ಯಾಸ. ನಿಜ ಎಂದೆ. ಆ ಸಂಜೆ ಅತ್ತೆಯ ಎದುರು ಕೂತು ಎಲ್ಲವನ್ನೂ ಹೇಳಿದೆ. ಚಿಲಕ, ಮೈಸೂರು, ಕಲಾಸಿಪಾಳ್ಯ, ಥೈರಾಯ್ಡ್, ಅಪ್ಪ ಮಾಡಿದ್ದು, ನಾನು ಮಾಡಿದ್ದು. ಅತ್ತೆ, ಅಲ್ಲೇ ಆಡುತ್ತಿದ್ದ ನನ್ನ ಮಗಳ ಕಡೆ ನೋಡಿ, ಇವಳಿಗೂ ಬರುತ್ತದಾ ಎಂದು ಕೇಳಿದರು. ಗೊತ್ತಿಲ್ಲ, ಬಂದರೆ ಅವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇನೆ ಎಂದೆ. ಅತ್ತೆ ಒಂದು ತಿಂಗಳು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಈಗಲೂ ಅವರು ಪೂರ್ತಿ ಕ್ಷಮಿಸಿದ್ದಾರೆ ಎಂದು ಹೇಳಲಾರೆ. ಆದರೆ ಆ ವರ್ಷದ ಗೌರಿ ಹಬ್ಬಕ್ಕೆ ಅಕ್ಕನನ್ನು ಕರೆಸು ಎಂದು ಅವರೇ ಹೇಳಿದರು. ಅಕ್ಕ ಬಂದಳು, ನಡುಮನೆಯಲ್ಲಿ ಎಲ್ಲರ ಜೊತೆ ಎಲೆಯ ಮುಂದೆ ಕೂತಳು.

ಅವತ್ತು ಬಡಿಸುತ್ತಿದ್ದಾಗ ನನ್ನ ಕೈ ನಿಂತುಹೋಯಿತು. ನಾನು ಮದುವೆಯಾಗಿ ಈ ಮನೆಗೆ ಬಂದು ಎಂಟು ವರ್ಷ. ಆ ಎಂಟು ವರ್ಷದಲ್ಲಿ ಒಂದು ದಿನವೂ ನಾನು ಮೇಷ್ಟ್ರನ್ನು ಊಟಕ್ಕೆ ಕರೆದಿರಲಿಲ್ಲ. ಕರೆದಿದ್ದರೆ ಅವರು ರಾತ್ರಿ ಎಂಟು ಗಂಟೆಗೆ ಎಲ್ಲರ ಎದುರು ನೀರು ಕೇಳುತ್ತಾರೆ ಎಂದು ಹೆದರಿದ್ದೆ.